ಹೋದ ತೂಕ, ಬಂದ ತೂಕ

ನಿಟ್ಟೂರು
೧೨ ಸೆಪ್ಟೆಂಬರ್ ೧೯೮೪

ಚಿ. ಶರಾವತಿಗೆ ನಿನ್ನ ಸೋದರಮಾವ ಮಂಜುನಾಥಪ್ಪ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಬರೆಯುವುದಿಲ್ಲ. ನಿನ್ನ ಅತ್ತೆ ಕೆರಿಯಮ್ಮನಿಗೆ ಮಂಡಿನೋವು. ನನಗೆ ನಮ್ಮ ಶಾಲೆಗೆ ಬಂದ ಹೊಸ ಮೇಷ್ಟ್ರ ಮೇಲೆ ಅನುಮಾನ. ಹಾಜರಿ ಹಾಕಿ ಹೊಳೆ ಕಡೆ ಹೋಗುತ್ತಾನೆ, ವಾಪಸು ಬಂದಾಗ ಮೈ ಮೀನು ನಾರುತ್ತದೆ. ಹೆಡ್‌ಮಾಸ್ಟರಾದವನು ಇದನ್ನೂ ಮೂಸಿ ನೋಡಬೇಕಾಗಿದೆ. ಉಳಿದಂತೆ ಪರವಾಗಿಲ್ಲ.

ವಿಷಯ ಬೇರೆಯೇ ಇದೆ. ಮೊನ್ನೆ ಒಬ್ಬ ಅಪರಿಚಿತ ಮನೆಗೆ ಬಂದ. ಹೆಸರು ನಾಗರಾಜಪ್ಪ, ತೀರ್ಥಹಳ್ಳಿ ಕಡೆಯವ ಎಂದ. ಗಿಡ್ಡ ಕೂದಲು, ಕತ್ತರಿಸಿದ ಮೀಸೆ, ಕೂತರೂ ಬೆನ್ನು ಬಾಗದ ಆಸಾಮಿ. ಮೊದಲು ಮಳೆಯ ಮಾತು, ಆಮೇಲೆ ನಮ್ಮ ಬಾವಿಯ ಮಾತು, ಆಮೇಲೆ ಮೆಲ್ಲಗೆ, "ನಿಮ್ ತಂಗಿ ಮಗಳೊಬ್ಳು ಬೆಂಗ್ಳೂರಲ್ಲಿ ಇದಾಳಂತಲ್ಲ ಮೇಷ್ಟ್ರೇ?" ಎಂದ. ನನಗೆ ಅಷ್ಟೇ ಸಾಕಾಯಿತು. ನಮ್ಮಲ್ಲಿ ಹೆಣ್ಣಿನ ವಿಚಾರಣೆಗೆ ಬಂದವನು ಬಂದ ಕಾರಣ ಹೇಳುವುದಿಲ್ಲ, ಮನೆಯವರು ಕೇಳುವುದೂ ಇಲ್ಲ. ಕೇಳಿದರೆ ಮರ್ಯಾದೆ ಅಲ್ಲ. ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರೂ ಗೊತ್ತಿಲ್ಲದವರ ಹಾಗೆ ಕಾಫಿ ಕುಡಿಯುತ್ತೇವೆ. ನಾನೂ ಹೇಳಬೇಕಾದ್ದನ್ನು ಹೇಳಬೇಕಾದ ಹಾಗೆ ಹೇಳಿ ಕಳಿಸಿದ್ದೇನೆ.

ಆದರೆ ಯಾರ ಕಡೆಯವನು ಎಂಬುದೇ ತಿಳಿಯಲಿಲ್ಲ. ನಮ್ಮ ಪೈಕಿ ಯಾರೂ ಇಂಥವನನ್ನು ಕಂಡಿಲ್ಲ. ನೀನೇ ಏನಾದರೂ ಅಲ್ಲಿ ಯಾರಿಗಾದರೂ ಮಾತು ಕೊಟ್ಟಿದ್ದೀಯಾ? ಇದ್ದರೆ ನೇರ ಬರೆ. ನಿನ್ನಮ್ಮ ಸಾಯುವಾಗ ನಿನ್ನನ್ನು ನನ್ನ ಕೈಗೆ ಹಾಕಿ ಹೋದಳು, ಉತ್ತರ ಹೇಳಬೇಕಾದವನು ನಾನು.

ಇನ್ನೊಂದು. ಗಾಳಿಯನ್ನು ಹೆಪ್ಪುಗಟ್ಟಿಸುವ ಕೆಲಸ ಮಾಡುತ್ತಿದ್ದೇನೆ ಎಂದು ಹಿಂದಿನ ಕಾಗದದಲ್ಲಿ ನೀನು ಬರೆದಿದ್ದೆ. ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಇದಕ್ಕೂ ಸರ್ಕಾರ ಸಂಬಳ ಕೊಡುತ್ತದೆಯೇ? ನಿನ್ನ ಪ್ರೊಫೆಸರ್ ಎಂಥವನು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿನಗೆ ಅಕ್ಷರಕ್ಕಿಂತ ಮೊದಲು ಕಲಿಸಿದವನು ನಾನು, ಮರೆಯಬೇಡ.

ಇಂತು ನಿನ್ನ ಮಾವ,
ಮಂಜುನಾಥಪ್ಪ


ಬೆಂಗಳೂರು
೨೬ ಸೆಪ್ಟೆಂಬರ್ ೧೯೮೪

ಮಾವನಿಗೆ ಶರಾವತಿಯ ನಮಸ್ಕಾರಗಳು.

ನಾನು ಯಾರಿಗೂ ಮಾತು ಕೊಟ್ಟಿಲ್ಲ, ಯಾರನ್ನೂ ಕಳಿಸಿಲ್ಲ. ಆ ನಾಗರಾಜಪ್ಪ ಯಾರ ಕಡೆಯವನಾದರೂ ಇರಲಿ, ಇನ್ನೊಮ್ಮೆ ಬಂದರೆ ಹುಡುಗಿಗೆ ಈಗ ಮದುವೆ ಬೇಡವಂತೆ ಎಂದು ಹೇಳಿ ಮುಗಿಸಿ. ಪ್ರತಿ ಮಳೆಗಾಲಕ್ಕೂ ಒಬ್ಬ ಬರುತ್ತಾನೆ, ನನಗೆ ಸಾಕಾಗಿದೆ.

ಕೆಲಸದ ವಿಷಯ ಕೇಳಿದ್ದೀರಿ. ಆಕಾಶದಲ್ಲಿ ನಕ್ಷತ್ರಗಳ ದೊಡ್ಡ ದೊಡ್ಡ ಗುಂಪುಗಳು ಚಕ್ರದಂತೆ ತಿರುಗುತ್ತಿವೆ. ನಮಗೆ ಕಾಣುವ ನಕ್ಷತ್ರಗಳ ತೂಕವಷ್ಟೇ ಇದ್ದಿದ್ದರೆ ಅಂಚಿನಲ್ಲಿರುವವು ಹಿಡಿತ ತಪ್ಪಿ ಎಂದೋ ಹಾರಿಹೋಗಬೇಕಿತ್ತು. ಹೋಗಿಲ್ಲ. ಹಾಗಾದರೆ ಕಣ್ಣಿಗೆ ಕಾಣದ ತೂಕ ಒಂದು ಇದೆ, ಅದು ಕಾಣುವುದಕ್ಕಿಂತ ಬಹಳ ಹೆಚ್ಚು. ಅದು ಏನು ಎಂದು ಯಾರಿಗೂ ಗೊತ್ತಿಲ್ಲ. ಕೆಲವರು ಅದು ಹೈಡ್ರೋಜನ್ ಅನಿಲವೇ ಎನ್ನುತ್ತಾರೆ. ಆಕಾಶದ ಚಳಿಗೆ ಗಟ್ಟಿಯಾಗಿ, ಆಲಿಕಲ್ಲಿನ ಹಾಗೆ, ಬೆಳಕಿಲ್ಲದೆ ತಿರುಗುತ್ತಿದೆ ಎನ್ನುತ್ತಾರೆ.

ಇದನ್ನು ನೀವು ನಂಬುವುದಿಲ್ಲ, ನಾನೂ ಸುಮ್ಮನೆ ನಂಬಲಿಲ್ಲ. ಅತ್ತೆ ಕರ್ಪೂರದ ಡಬ್ಬಿಗೆ ಮೆಣಸಿನಕಾಳು ಹಾಕಿಡುತ್ತಾರಲ್ಲ, ಹಾಗೇ ಇಟ್ಟರೆ ಕರ್ಪೂರ ಕರಗದೆಯೂ ಆರಿಹೋಗುತ್ತದೆ ಎಂದು. ಹೈಡ್ರೋಜನ್ನಿನ ಗಡ್ಡೆಯೂ ಹಾಗೇ ಆರಿಹೋಗಬೇಕಲ್ಲವೇ? ಆರಿಹೋದರೆ ಅದು ಇಷ್ಟು ಕಾಲ ಆಕಾಶದಲ್ಲಿ ಉಳಿದಿರಲು ಸಾಧ್ಯವಿಲ್ಲ. ಅದನ್ನೇ ನೋಡುತ್ತಿದ್ದೇವೆ. ಒಳಗಿನ ಗಾಳಿಯನ್ನೆಲ್ಲ ಎಳೆದುಹಾಕಿದ ತಾಮ್ರದ ಪಾತ್ರೆಯಲ್ಲಿ, ಆಕಾಶದಷ್ಟೇ ಚಳಿಯಲ್ಲಿ, ಸ್ಫಟಿಕದ ಬಿಲ್ಲೆಯ ಮೇಲೆ ಹೈಡ್ರೋಜನ್ ಹೆಪ್ಪುಗಟ್ಟಿಸುತ್ತೇವೆ. ಬಿಲ್ಲೆಯ ಕಂಪನ ನೋಡಿದರೆ ಮೇಲಿರುವುದರ ತೂಕ ತಿಳಿಯುತ್ತದೆ. ತೂಕ ಇಳಿದರೆ ಆರುತ್ತಿದೆ ಎಂದರ್ಥ.

ಇಳಿಯುತ್ತಿಲ್ಲ, ಮಾವಾ! ಸ್ವಲ್ಪ ಹೆಚ್ಚುಕಮ್ಮಿ ತೂಗಾಡುತ್ತದೆ, ಇಳಿಯುವುದಿಲ್ಲ. ಪ್ರೊಫೆಸರ್ ನೆಲದ ಮೇಲೆ ನಡೆಯುತ್ತಿಲ್ಲ. ಅಂಕಿಗಳನ್ನು ಓದುವವನು ಶ್ರೀಕೃಷ್ಣ ಎಂಬ ನನ್ನ ಜೊತೆಯವನು, ತೀರ್ಥಹಳ್ಳಿ ಆಚೆ ಮೇಗರವಳ್ಳಿಯವನು. ಶ್ರೀಕೃಷ್ಣ ಒಂದು ಕೈಯಲ್ಲಿ ಟೀ ಲೋಟ ಹಿಡಿದೇ ಕೆಲಸ ಮಾಡುತ್ತಾನೆ, ಚೆಲ್ಲುವುದಿಲ್ಲ. ಊರ ಮಾತು ಆಡಲು ಇಲ್ಲಿ ಶ್ರೀಕೃಷ್ಣ ಒಬ್ಬನೇ. ಅಂಕಿ ನೋಡಿ ಶ್ರೀಕೃಷ್ಣನೂ ದಂಗಾದ. ನೋಡೋಣ, ಇನ್ನೂ ತೂಗಬೇಕು.

ಅತ್ತೆಯ ಮಂಡಿಗೆ ಎಣ್ಣೆ ಹಚ್ಚಲು ನೀವೇ ಕೂರಿ, ಅನುಮಾನ ಪಡುವುದನ್ನು ಆ ಹೊತ್ತಿಗೆ ಬಿಡಿ.

ನಿಮ್ಮ
ಶರಾವತಿ


ನಿಟ್ಟೂರು
೧೮ ಅಕ್ಟೋಬರ್ ೧೯೮೪

ಚಿ. ಶರಾವತಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಸರಿಯಾಗಿ ಓದಿದೆ. ಹೈಡ್ರೋಜನ್ ಅರ್ಧ ತಿಳಿಯಿತು. ಶ್ರೀಕೃಷ್ಣ ಪೂರ್ತಿ ತಿಳಿದ. ಒಂದೇ ಕಾಗದದಲ್ಲಿ ಒಬ್ಬನ ಹೆಸರು ಅಷ್ಟು ಸಲ ಬಂದರೆ ಮೇಷ್ಟ್ರಾದವನು ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತಾನೆ. ನಾಗರಾಜಪ್ಪ ಬಂದದ್ದೂ ತೀರ್ಥಹಳ್ಳಿ ಕಡೆಯಿಂದ. ಎರಡಕ್ಕೆ ಎರಡು ಕೂಡಿಸಿದೆ.

ಕೂಡಿಸಿ ಸುಮ್ಮನೆ ಕೂರುವ ಜಾತಿ ನನ್ನದಲ್ಲ. ದಸರಾ ರಜೆಯಲ್ಲಿ ಮೇಗರವಳ್ಳಿಗೆ ಹೋಗಿ ಬಂದೆ. ಎತ್ತು ಕೊಳ್ಳುವವನ ವೇಷ. ಕೆರಿಯಮ್ಮ, "ಎತ್ತಿನ ಹಲ್ಲು ನೋಡಕ್ ಬರದವ್ರು ಎತ್ತು ತರಕ್ ಹೊಂಟ್ರು" ಎಂದು ಬಾಗಿಲಲ್ಲೇ ನಕ್ಕಳು. ನಗಲಿ.

ಅವನ ತಂದೆ ಹೂವಯ್ಯ ಜಗಲಿ ಮೇಲೆ ಇದ್ದರು. "ಎಲ್ಲಾಯ್ತು ನಿಮ್ಮದು?" ಎಂದರು. ಹೊಸನಗರದ ಕಡೆ ಎಂದೆ. ಆ ಮನುಷ್ಯ ನನ್ನ ಚಪ್ಪಲಿ ನೋಡಿದರು, ಕೊಡೆ ನೋಡಿದರು, ಎತ್ತಿನ ಮಾತೇ ಎತ್ತದೆ ಒಳಗೆ ಕೂಗಿ, "ಜಲಜಾ, ಮನೆಗೆ ಜನ ಬಂದಾರೆ" ಎಂದರು. ನನ್ನನ್ನು ಹುಡುಗನ ವಿಚಾರಣೆಗೆ ಬಂದವನು ಎಂದು ಅವರೂ ಹಿಡಿದುಬಿಟ್ಟರು! ನಾನೂ ಬಿಡಲಿಲ್ಲ. ಆ ತಾಯಿ ಹೇಳಿದ್ದು ಕೇಳು: "ನಮ್ಮ ಶ್ರೀಕೃಷ್ಣಂಗೆ ಈಗ ಇಪ್ಪತ್ತಾರು ಅಷ್ಟೇ. ಎಂಥ ಚಟನೂ ಇಲ್ಲ ಮಾರಾಯ್ರೇ, ಟೀ ಸಹ ಮುಟ್ಟಲ್ಲ. ಇನ್ನೊಂದು ವರ್ಷಕ್ಕೆ ಬೆಂಗ್ಳೂರು ಬಿಟ್ಟು ಊರಿಗೇ ಬರ್ತಾನೆ." ಟೀ ಮುಟ್ಟದವನಂತೆ! ವಯಸ್ಸಿನಲ್ಲಿ ಮೂರು ವರ್ಷವಾದರೂ ನುಂಗಿದ್ದಾರೆ ಎಂದು ಮುಖ ನೋಡಿದರೇ ತಿಳಿಯಿತು. ನನಗೇನೂ ಬೇಸರವಿಲ್ಲ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಅಂದಿದ್ದಾರೆ, ವಿಚಾರಣೆಗೆ ಬಂದವನ ಎದುರು ನಿಜ ಹೇಳುವವನು ಮಗಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಆದರೆ ನೀನು ತಿಳಿದಿರು, ಆ ಮನೆಯವರು ಸಲೀಸಾಗಿ ಸುಳ್ಳು ಹೇಳುತ್ತಾರೆ. ಅವರಂಥವರು ಜಮೀನಿನ ಒಡೆಯರಾಗಿದ್ದವರು, ನಮ್ಮಂಥವರು ಗೇಣಿ ಮಾಡಿದವರು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮನೆತನವೇ ಹಾಗಿದ್ದರೆ ಆ ಹುಡುಗ ಓದುವ ಅಂಕಿಗಳು ಹೇಗಿರಬಹುದು? ತೂಕ ಇಳಿಯದ ಕರ್ಪೂರವನ್ನು ನಾನಂತೂ ಕಂಡಿಲ್ಲ. ನಿನ್ನ ಕಣ್ಣಿನಿಂದ ನೀನೇ ನೋಡು.

ಇಂತು,
ಮಂಜುನಾಥಪ್ಪ


ಬೆಂಗಳೂರು
೧೦ ಜನವರಿ ೧೯೮೫

ಮಾವನಿಗೆ,

ನಿಮ್ಮ ಮೇಲೆ ಸಿಟ್ಟು ಬಂದು ಇಷ್ಟು ದಿನ ಬರೆಯಲಿಲ್ಲ. ಮೇಗರವಳ್ಳಿಗೆ ಹೋಗಿ ವೇಷ ಹಾಕಿದ್ದಕ್ಕೆ. ಈಗ ಆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ನೀವು ಹೇಳಿದ್ದೇ ನಿಜವಾಯಿತೇನೋ ಎಂದು ಕುಳಿತಿದ್ದೇನೆ.

ನಿಮಗೆ ಹೇಳದ ಒಂದು ವಿಷಯವಿದೆ. ಹಾಲೆಂಡ್ ದೇಶದಲ್ಲಿ ಒಂದು ಶೀತ ಪ್ರಯೋಗಾಲಯವಿದೆ. ನಮ್ಮ ಪರೀಕ್ಷೆಯನ್ನು ಅವರ ಪಾತ್ರೆಯಲ್ಲಿ ಮತ್ತೊಮ್ಮೆ ಮಾಡಿ ನೋಡಲು ಒಬ್ಬರನ್ನು ಕಳಿಸಿ ಎಂದು ಕಳೆದ ವರ್ಷವೇ ಬರೆದಿದ್ದರು. ಪ್ರೊಫೆಸರ್ ನನ್ನ ಹೆಸರು ಕೊಟ್ಟರು. ಮೇ ತಿಂಗಳಲ್ಲಿ ಹೊರಡಬೇಕು. ನೀವು ಬೇಡ ಎನ್ನುತ್ತೀರಿ ಎಂಬ ಹೆದರಿಕೆಗೆ ಎಲ್ಲ ಕೈಗೆ ಬಂದ ಮೇಲೆ ಹೇಳೋಣ ಎಂದು ಮುಚ್ಚಿಟ್ಟೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೆ. ಈ ವಾರ ಉತ್ತರ ಬಂತು. ಊರಿನಿಂದ ಬಂದ ಪೊಲೀಸ್ ವರದಿ ಪ್ರತಿಕೂಲವಾಗಿದೆಯಂತೆ. ಕಾರಣ ಹೇಳುವುದಿಲ್ಲವಂತೆ.

ಪ್ರತಿಕೂಲ! ನಾನು ಏನು ಮಾಡಿದ್ದೇನೆ? ಯಾರೋ ಹೆಸರು ಹಾಕದೆ ಮೂಗರ್ಜಿ ಬರೆದಿದ್ದಾರೆ, ಬೇರೆ ದಾರಿಯೇ ಇಲ್ಲ. ನಾನು ಹೋಗದಿದ್ದರೆ ಹೋಗುವವನು ಯಾರು? ಶ್ರೀಕೃಷ್ಣ. ಅವನ ಪಾಸ್‌ಪೋರ್ಟು ಆಗಲೇ ಬಂದಿದೆ. ಅವನ ತಂದೆಗೆ ಆ ಕಡೆ ಎಲ್ಲ ಕಚೇರಿಗಳಲ್ಲೂ ಮಾತು ನಡೆಯುತ್ತದೆ.

ಒಂದು ಅನುಮಾನ ಬಂದರೆ ಹಿಂದಿನದೆಲ್ಲ ಅದರ ಬಣ್ಣಕ್ಕೇ ತಿರುಗುತ್ತದೆ. ಅಂಕಿಗಳನ್ನು ಮತ್ತೆ ತೆಗೆದೆ. ಹೆಪ್ಪುಗಟ್ಟಿದ ಯಾವ ವಸ್ತುವೂ ಇಷ್ಟು ಸುಮ್ಮನೆ ಕೂರಬಾರದು, ಒಂಚೂರಾದರೂ ಆರಬೇಕು. ತೂಕ ಇಳಿಯದೆ ಇರಬೇಕಾದರೆ ಎರಡೇ ದಾರಿ. ಒಂದು, ಪಾತ್ರೆ ಎಲ್ಲೋ ಸೋರುತ್ತಿರಬೇಕು. ಹೈಡ್ರೋಜನ್ ಆರುತ್ತಾ ಹೋದ ಹಾಗೆ ಹೊರಗಿನ ಗಾಳಿ ಒಳಗೆ ನುಸುಳಿ, ಆ ಚಳಿಗೆ ಅದೂ ಗಟ್ಟಿಯಾಗಿ ಅದೇ ಬಿಲ್ಲೆಯ ಮೇಲೆ ಕೂರುತ್ತಿರಬೇಕು. ನಮ್ಮ ಗಾಳಿ ಹೈಡ್ರೋಜನ್ನಿಗಿಂತ ಬಹಳ ಭಾರ, ಎಳ್ಳಷ್ಟು ಬಂದರೂ ಹೋದ ತೂಕವನ್ನು ತುಂಬಿಬಿಡುತ್ತದೆ. ಎರಡನೆಯದು, ಅಂಕಿಗಳನ್ನೇ ಯಾರೋ ತಿದ್ದಿ ನೇರ ಮಾಡಿರಬೇಕು. ಸೋರಿಕೆಯನ್ನು ಹುಡುಕಿದೆವು, ಸಿಗಲಿಲ್ಲ. ಕೊಳವೆಗಳೆಲ್ಲ ಹೊಸವು. ಮುಚ್ಚಳ ಬಿಗಿದವಳು ನಾನೇ, ಅದನ್ನು ನೋಡುವ ಅಗತ್ಯವಿರಲಿಲ್ಲ. ಉಳಿದದ್ದು ಅಂಕಿ ಓದಿದವನು.

ಸೋಮವಾರದ ಸಭೆಯಲ್ಲಿ ಎಲ್ಲರ ಎದುರು ಹೇಳಿಬಿಟ್ಟೆ. ಈ ಅಂಕಿಗಳನ್ನು ನಾನು ನಂಬುವುದಿಲ್ಲ, ಓದಿದವನನ್ನೂ ನಂಬುವುದಿಲ್ಲ ಎಂದೆ. ಅವನು ಟೀ ಲೋಟ ಮೇಜಿನ ಮೇಲಿಟ್ಟು ಹೊರಗೆ ಹೋದ. ಮರುದಿನ ರಜೆ ಬರೆದು ಊರಿಗೆ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತೀರಲ್ಲ, ಹಾಗೆ. ಆದರೂ ಮಾವಾ, ಆಮೇಲೆ ನನಗೆ ಊಟ ಸೇರುತ್ತಿಲ್ಲ.

ಶರಾವತಿ


ನಿಟ್ಟೂರು
೨೧ ಜನವರಿ ೧೯೮೫

ಚಿ. ಶರಾವತಿಗೆ ಆಶೀರ್ವಾದ.

ಪರದೇಶದ ವಿಷಯ ಮುಚ್ಚಿಟ್ಟದ್ದಕ್ಕೆ ಬೈಯುವುದು ಬಾಕಿ ಇದೆ, ಈಗ ಬೇಡ. ಬೇರೆ ದಿನ ಪೂರ್ತಿ ಬೈಯುತ್ತೇನೆ.

ಪೊಲೀಸ್ ವರದಿ ಪ್ರತಿಕೂಲ ಎಂದೆಯಲ್ಲ, ಯಾವ ಪೊಲೀಸು? ನಿಟ್ಟೂರಿಗೆ ಯಾವ ಪೊಲೀಸಿನವನೂ ಬಂದೇ ಇಲ್ಲ. ಜೀಪು ಬಂದಿದ್ದರೆ ಊರ ನಾಯಿಗಳಾದರೂ ಹೇಳುತ್ತಿದ್ದವು. ನಾನು ಅಂಗಡಿಯ ಸುಬ್ಬಪ್ಪನನ್ನೂ ಕೇಳಿದೆ, ಬಸ್ಸಿನಿಂದ ಇಳಿದವರ ಜಾತಕವೇ ಅವನ ಹತ್ತಿರ ಇರುತ್ತದೆ. "ಖಾಕಿ ಒಂದು ವರ್ಷದಿಂದ ನಮ್ಮೂರು ಕಂಡದ್ದೇ ಇಲ್ಲ ಮೇಷ್ಟ್ರೇ" ಎಂದ. ಎಂದರೆ ಯಾರೂ ಬಾರದೆ, ಕಚೇರಿಯಲ್ಲೇ ಕೂತು, ಯಾರದೋ ಮಾತು ಕೇಳಿ ವರದಿ ಬರೆದಿದ್ದಾರೆ. ಮಾತು ಯಾರದು ಎಂದು ನಾನು ಹೇಳಬೇಕಾಗಿಲ್ಲ. ಆ ಹೂವಯ್ಯ ನನ್ನ ಚಪ್ಪಲಿ ನೋಡಿದಾಗಲೇ ಗುರುತು ಹಿಡಿದಿರಬೇಕು.

ಸಭೆಯಲ್ಲಿ ಹೇಳಿದ್ದು ಒಳ್ಳೆಯದಾಯಿತು. ಊಟ ಮಾಡು. ಅನುಮಾನ ಪಡುವುದು ಪಾಪವಲ್ಲ, ಪಡದೆ ಕೆಡುವುದು ಪಾಪ.

ಇಂತು,
ಮಂಜುನಾಥಪ್ಪ


ಮೇಗರವಳ್ಳಿ
೪ ಫೆಬ್ರವರಿ ೧೯೮೫

ಶರಾವತಿಯವರಿಗೆ,

ಇದು ಜಗಳದ ಕಾಗದವಲ್ಲ. ಮೂಗರ್ಜಿ ಬರೆದವನು ನಾನು ಎಂದು ಪ್ರಯೋಗಾಲಯದವರೆಲ್ಲ ನಂಬಿದ್ದಾರೆ, ಸಭೆಯಲ್ಲಿ ನೀವು ಆ ಮಾತು ಆಡದಿದ್ದರೂ. ಆದ್ದರಿಂದ ನಡೆದದ್ದು ಏನೆಂದು ನಾನೇ ತಿಳಿಯಬೇಕಾಯಿತು.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರು ಮಫ್ತಿಯಲ್ಲಿ ಬರುತ್ತಾರೆ. ನಮ್ಮ ಮನೆಗೆ ಬಂದವರೇ ನಿಮ್ಮ ಮನೆಗೂ ಹೋಗಿದ್ದರು. ಹೆಸರು ನಾಗರಾಜಪ್ಪ. ಅವರ ಮನೆ ತೀರ್ಥಹಳ್ಳಿಯಲ್ಲೇ ಇದೆ, ಹೋಗಿ ಕೇಳಿದೆ. ಮೊದಲು ಹೇಳಲಿಲ್ಲ. ಆ ಹುಡುಗಿಯ ಓದು ಹಾಳಾಗುತ್ತದೆ ಎಂದ ಮೇಲೆ ಹೇಳಿದರು. ಅವರ ಮಾತನ್ನೇ ಬರೆಯುತ್ತೇನೆ:

"ನಾನ್ ಏನ್ ಮಾಡ್ಲಿ ಸ್ವಾಮಿ? ಅರ್ಜಿಯಲ್ಲಿ ವಯಸ್ಸು ಇಪ್ಪತ್ತಾರು ಅಂತ ಇದೆ, ಮೇಷ್ಟ್ರು ಇಪ್ಪತ್ತೆರಡು ಅಂದ್ರು. ಕೆಲಸ ಸಂಶೋಧನೆ ಅಂತ ಇದೆ, 'ಅದೆಲ್ಲ ಎಂತದೂ ಇಲ್ಲ, ನಮ್ಮ ನೆಂಟ್ರ ಮನೇಲಿ ಇದ್ದು ಹೊಲಿಗೆ ಕಲೀತಾಳೆ' ಅಂದ್ರು. ಪರದೇಶಕ್ಕೆ ಹೋಗೋ ಯೋಚ್ನೆ ಏನಾದ್ರೂ ಇದೆಯಾ ಅಂತ ಕೇಳ್ದೆ. 'ಪರದೇಶವಾ? ಹೊಸನಗರ ದಾಟಿದ್ರೆ ತಲೆ ತಿರುಗ್ತದೆ ಅವಳಿಗೆ' ಅಂದ್ರು. ಹಂಗಾದ್ರೆ ಈ ಹೆಸರಲ್ಲಿ ಅರ್ಜಿ ಹಾಕಿದವಳು ಬೇರೆ ಯಾರೋ ಇರ್ಬೇಕು ಅಂತ ಬರೆದೆ. ಬರೀದೆ ಇದ್ರೆ ನನ್ನ ಕೆಲಸ ಹೋಗ್ತಿತ್ತು."

ಅವರು ಬರೆದದ್ದರಲ್ಲಿ ತಪ್ಪು ಕಾಣುವುದಿಲ್ಲ. ನಿಮ್ಮ ಮಾವನವರ ಮೇಲೂ ನನಗೆ ಸಿಟ್ಟಿಲ್ಲ, ನನ್ನ ತಾಯಿಯೂ ಅವರಿಗೆ ಅಷ್ಟೇ ಸುಳ್ಳು ಹೇಳಿ ಕಳಿಸಿದ್ದರಂತೆ. ಎತ್ತು ಕೇಳಿಕೊಂಡು ಬಂದವರು ಯಾರು ಎಂದು, ನಾಗರಾಜಪ್ಪ ನಿಮ್ಮ ಮಾವನವರ ಚಹರೆ ಹೇಳಿದ ಮೇಲೆ, ಈಗಷ್ಟೇ ನಮಗೆ ತಿಳಿಯಿತು.

ನಮ್ಮ ಮನೆಯವರು ನಾಗರಾಜಪ್ಪನಿಗೆ ನಿಜ ಹೇಳಿದ್ದು ಆ ಹೊತ್ತಿಗೆ ನಾನು ಮನೆಯಲ್ಲಿದ್ದೆ ಎಂಬ ಕಾರಣಕ್ಕೆ. ಅಷ್ಟೇ ವ್ಯತ್ಯಾಸ.

ಅಂಕಿಗಳನ್ನು ನಾನು ಕಂಡ ಹಾಗೆಯೇ ಬರೆದಿದ್ದೇನೆ. ಅದನ್ನು ಇನ್ನೊಮ್ಮೆ ಹೇಳುವುದಿಲ್ಲ.

ಶ್ರೀಕೃಷ್ಣ


ಬೆಂಗಳೂರು
೧೧ ಫೆಬ್ರವರಿ ೧೯೮೫

ಮಾವನಿಗೆ,

ಶ್ರೀಕೃಷ್ಣನ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ.

ನನಗೂ ಹೊಳೆಯಲಿಲ್ಲ. ಅಪರಿಚಿತನೊಬ್ಬ ಬಂದು ನನ್ನ ವಿಚಾರ ಕೇಳಿದ ಎಂದು ನೀವೇ ಬರೆದಿದ್ದಿರಿ. ನಾನು ಅರ್ಜಿ ಹಾಕಿ ಕೂತವಳು. ಗಂಡಿನ ಕಡೆಯವನು ಎಂದು ನೀವು ಅಂದಿರಿ, ನಾನು ನಂಬಿದೆ. ಎಲ್ಲರ ಮೇಲೂ ಅನುಮಾನ ಪಡಲು ಕಲಿಸಿದಿರಿ, ನಿಮ್ಮ ಮೇಲೆ ಪಡಲು ಕಲಿಸಿರಲಿಲ್ಲ.

ವಯಸ್ಸಿನಲ್ಲಿ ನಾಲ್ಕು ವರ್ಷ ಕಳೆದು ಹೇಳಿದ್ದಕ್ಕೆ ನನಗೆ ಅಷ್ಟು ನೋವಿಲ್ಲ, ಅದು ನಮ್ಮ ಕಡೆಯ ರೂಢಿ. ಹೊಲಿಗೆ ಕಲಿಯುತ್ತಾಳೆ ಎಂದಿರಲ್ಲ, ಅದು ಎದೆಗೆ ಚುಚ್ಚಿತು. ಸಾಗರದ ಕಾಲೇಜಿಗೆ ನನ್ನನ್ನು ಸೇರಿಸಿ, ಹಾಸ್ಟೆಲಿನ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡವರು ನೀವು. ಓದಿದ್ದೆಲ್ಲ ಸುಳ್ಳು, ಆ ಹುಡುಗಿಯೇ ಇಲ್ಲ ಎಂದು ಜಗಲಿಯಲ್ಲಿ ಕೂತು ಹೇಳಿದವರೂ ನೀವೇ. ನಾನು ಮಾಡುವ ಕೆಲಸ ನಿಮಗೆ ಅಷ್ಟು ನಾಚಿಕೆಯೇ?

ಉತ್ತರ ಬೇಡ. ಸದ್ಯಕ್ಕೆ ನಾನೂ ಬರೆಯುವುದಿಲ್ಲ.

ಶರಾವತಿ


ನಿಟ್ಟೂರು
೨೨ ಏಪ್ರಿಲ್ ೧೯೮೫

ಚಿ. ಶರಾವತಿಗೆ,

ಉತ್ತರ ಬೇಡ ಎಂದಿದ್ದೆ ನೀನು. ಇದು ಉತ್ತರವಲ್ಲ, ವರದಿ.

ನಿನ್ನ ಕಾಗದ ಬಂದ ಮೇಲೆ ಕೆರಿಯಮ್ಮ ಮೂರು ದಿನ ನನ್ನ ತಟ್ಟೆಗೆ ತಂಗಳನ್ನೇ ಬಡಿಸಿದಳು. ನಾಲ್ಕನೆಯ ದಿನ, "ಹೋಗಿ, ಹೇಳಿದ್ದನ್ನ ತಿರುಗಿ ನುಂಗ್ಕಂಡು ಬನ್ನಿ" ಎಂದಳು. ನನಗೂ ಅದೇ ಬೇಕಿತ್ತು, ಯಾರಾದರೂ ತಳ್ಳಬೇಕಿತ್ತು.

ಸಾಗರಕ್ಕೆ ಹೋಗಿ ನಿನ್ನ ಕಾಲೇಜಿನಿಂದ ಜನ್ಮದಿನಾಂಕದ ಸರ್ಟಿಫಿಕೇಟು ತಂದೆ. ನಿನಗೆ ಭೌತಶಾಸ್ತ್ರ ಹೇಳಿದ ಹೇರಂಬ ಮೇಷ್ಟ್ರನ್ನೂ ಕಂಡೆ. ನೀನು ಮಾಡುವ ಕೆಲಸ ಏನೆಂದು ನನಗೆ ಹೇಳಿಕೊಡಿ, ಸರ್ಕಾರದವರ ಎದುರು ಹೇಳಬೇಕು ಎಂದೆ. ಅವರು ಹಲಗೆಯ ಮೇಲೆ ಚಕ್ರ ಬರೆದು, ಅಂಚಿನ ನಕ್ಷತ್ರ ಯಾಕೆ ಹಾರಿಹೋಗುವುದಿಲ್ಲ ಎಂದು ತೋರಿಸಿದರು. ನಾನು ಮಕ್ಕಳ ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡಿಕೊಂಡೆ. ನಿನ್ನ ಕಾಗದದಲ್ಲಿ ಇದ್ದದ್ದೇ ಅದು. ಅಂದು ನಾನು ಅದನ್ನು ಓದಿ ಶ್ರೀಕೃಷ್ಣನ ಹೆಸರನ್ನು ಮಾತ್ರ ಎಣಿಸಿದ್ದೆ. ಹೊಲಿಗೆ ಎಂದದ್ದು ನಾಚಿಕೆಯಿಂದಲ್ಲ ಮಗಳೇ. ಹೆಚ್ಚು ಓದಿದ ಹುಡುಗಿ ಎಂದರೆ ಗಂಡಿನ ಕಡೆಯವರು ಹೆದರುತ್ತಾರೆ ಎಂಬ ಹೆದರಿಕೆ ನನ್ನದು. ನಾಚಿಕೆ ಈಗ ಆಗುತ್ತಿದೆ.

ಠಾಣೆಗೆ ಹೋದೆ. ಅಲ್ಲಿಯ ಸಾಹೇಬರು ಹೊಸಬರು. ನಾನು ಸರ್ಟಿಫಿಕೇಟು ಇಟ್ಟು, ಎದ್ದು ನಿಂತು, ಪಾಠ ಒಪ್ಪಿಸುವವನ ಹಾಗೆ ಹೇಳಿದೆ: ನನ್ನ ತಂಗಿಯ ಮಗಳು ಶರಾವತಿ ಹೈಡ್ರೋಜನ್ ಅನಿಲವನ್ನು ಹೆಪ್ಪುಗಟ್ಟಿಸಿ ತೂಗುತ್ತಾಳೆ, ಅದು ಆಕಾಶದ ಕಾಣದ ತೂಕ ಹೌದೋ ಅಲ್ಲವೋ ಎಂದು ಪರೀಕ್ಷೆ ಮಾಡುತ್ತಾಳೆ, ಅದಕ್ಕೇ ಹಾಲೆಂಡಿಗೆ ಹೋಗಬೇಕಾಗಿದೆ ಎಂದೆ. ನನ್ನ ದನಿ ಏರಿತು, ಹೆಮ್ಮೆಯಿಂದಲೇ ಏರಿತು.

ಸಾಹೇಬರು ಪೆನ್ನು ಕೆಳಗಿಟ್ಟರು. "ಹೈಡ್ರೋಜನ್ನಾ? ಬಾಂಬ್ ಮಾಡ್ತಾರಲ್ಲ, ಅದಾ?"

ಅಲ್ಲ, ಅದು ಬೇರೆ ಎಂದೆ. ಹೇಗೆ ಬೇರೆ ಎಂದು ಕೇಳಿದರು. ಹೇರಂಬ ಮೇಷ್ಟ್ರು ಅದನ್ನು ಹೇಳಿಕೊಟ್ಟಿರಲಿಲ್ಲ. "ಮೊದ್ಲು ಹೊಲಿಗೆ ಅಂದ್ರಿ, ಈಗ ಹೈಡ್ರೋಜನ್ ಅಂತೀರಿ. ನಾಳೆ ಏನಂತೀರಿ ಮೇಷ್ಟ್ರೇ?" ಎಂದರು. ನಾನು ಸರ್ಟಿಫಿಕೇಟನ್ನು ಇನ್ನೊಮ್ಮೆ ಅವರ ಕಡೆ ಸರಿಸಿದೆ. ಫೈಲು ಮೇಲಿನ ಕಚೇರಿಗೆ ಹೋಗಿದೆ, ಅಲ್ಲಿಂದ ಇನ್ನೂ ಮೇಲಕ್ಕೆ ಹೋಗಬೇಕಂತೆ. ಮೇ ತಿಂಗಳೊಳಗೆ ಆಗುವುದಿಲ್ಲ ಎಂದು ಹೇಳಿದರು. ಸುಳ್ಳು ಹೇಳಿ ಕೆಡಿಸಿದ್ದನ್ನು ನಿಜ ಹೇಳಿ ಸರಿಮಾಡಲು ಹೋಗಿ ಇನ್ನೂ ಕೆಡಿಸಿ ಬಂದೆ.

ನಾಳೆ ಮತ್ತೆ ಹೋಗುತ್ತೇನೆ. ಅವರು ಕೂರು ಎನ್ನುವವರೆಗೂ ಹೋಗುತ್ತೇನೆ.

ಇಂತು,
ಮಂಜುನಾಥಪ್ಪ


ಬೆಂಗಳೂರು
೯ ಅಕ್ಟೋಬರ್ ೧೯೮೫

ಮಾವನಿಗೆ ಶರಾವತಿಯ ನಮಸ್ಕಾರಗಳು.

ಪಾಸ್‌ಪೋರ್ಟು ಬಂತು. ನೀವು ಮಳೆಗಾಲವಿಡೀ ಠಾಣೆಗೆ ಅಲೆದದ್ದನ್ನು ಅತ್ತೆ ಸುಬ್ಬಪ್ಪನ ಕೈಲಿ ಬರೆಸಿ ತಿಳಿಸಿದ್ದರು. ಈಗ ಎಲ್ಲಿಗೂ ಹೋಗಬೇಕಾಗಿಲ್ಲ, ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿಮ್ಮ ಮೇಲಿನ ಸಿಟ್ಟು ಏಪ್ರಿಲ್ಲಿನಲ್ಲೇ ಹೋಯಿತು. ನನ್ನ ಕೆಲಸವನ್ನು ನೀವು ಎದ್ದು ನಿಂತು ಹೇಳಿದಿರಿ ಎಂದು ಓದಿದಾಗ ಅತ್ತುಬಿಟ್ಟೆ. ಅದನ್ನು ಹೇಳಲು ಆರು ತಿಂಗಳು ಹಿಡಿಯಿತು, ಕ್ಷಮಿಸಿ.

ಮೇ ತಿಂಗಳಲ್ಲಿ ಶ್ರೀಕೃಷ್ಣ ಹೋದ. ಹೋಗುವ ದಿನ ಎಲ್ಲರಿಗೂ ಹೇಳಿ ಹೋದ, ನನಗೂ ಹೇಳಿದ, ಎಲ್ಲರಿಗೆ ಹೇಳಿದ ಹಾಗೆಯೇ. ಆಗ ತಪ್ಪಾಯಿತು ಎನ್ನಬೇಕಿತ್ತು. ಮೂಗರ್ಜಿ ಅವನದಲ್ಲ ಎಂದು ತಿಳಿದಿತ್ತು. ಆದರೆ ಅಂಕಿಗಳ ಮೇಲಿನ ಅನುಮಾನ ಇನ್ನೂ ಉಳಿದಿತ್ತು, ಅದನ್ನು ಹಿಡಿದುಕೊಂಡು, ಎಲ್ಲರ ಹಾಗೆ ಹೋಗಿ ಬನ್ನಿ ಎಂದಷ್ಟೇ ಅಂದೆ.

ಅಲ್ಲಿಂದ ಅವನು ಪ್ರೊಫೆಸರಿಗೆ ಬರೆದ. ಅಲ್ಲಿಯ ಪಾತ್ರೆಯಲ್ಲಿ ಹೈಡ್ರೋಜನ್ ಗಡ್ಡೆ ನಿಲ್ಲುವುದಿಲ್ಲವಂತೆ. ಆಕಾಶದಷ್ಟೇ ಚಳಿಯಲ್ಲಿಟ್ಟರೂ ಆರುತ್ತಾ ಹೋಗುತ್ತದೆ, ತೂಕ ಇಳಿಯುತ್ತಾ ಹೋಗುತ್ತದೆ. ಸಣ್ಣ ಗಡ್ಡೆಗಳು ಆಕಾಶದ ವಯಸ್ಸಿನಷ್ಟು ಕಾಲ ಉಳಿಯಲಾರವು. ಕಾಣದ ತೂಕ ಅದಲ್ಲ, ಬೇರೆ ಏನೋ ಇರಬೇಕು. ನಮ್ಮ ಪಾತ್ರೆ ಸೋರುತ್ತಿದೆ, ಮುಚ್ಚಳ ನೋಡಿ ಎಂದು ಬರೆದಿದ್ದ. ಕೊನೆಗೆ ಒಂದು ಸಾಲು: "ಪಾತ್ರೆಯ ಬಗ್ಗೆ ಶರಾವತಿಯವರ ಸಂಶಯ ಸರಿಯಾಗಿತ್ತು ಎಂದು ಅವರಿಗೆ ತಿಳಿಸಿ." ಪ್ರೊಫೆಸರ್ ಓದಿ ಹೇಳಿದರು. ಪಾತ್ರೆಯ ಬಗ್ಗೆ ಎಂದಷ್ಟೇ ಬರೆದಿದ್ದ.

ಮುಚ್ಚಳ ತೆಗೆದೆ. ಮುಚ್ಚಳದ ಕೆಳಗೆ ಮೆತ್ತನೆಯ ಲೋಹದ ತಂತಿಯೊಂದನ್ನು ಬಳೆಯ ಹಾಗೆ ಸುತ್ತಿ, ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಬಿಗಿಯಬೇಕು. ತುದಿಗಳು ಒಂದರ ಪಕ್ಕ ಒಂದು ಕೂತಿದ್ದವು, ನಡುವೆ ಕೂದಲೆಳೆಯ ಸಂದು. ಅಲ್ಲಿಂದಲೇ ಗಾಳಿ ಒಳಗೆ ಬರುತ್ತಿತ್ತು. ಆ ತಂತಿ ಸುತ್ತಿದವಳು ನಾನು. ಅವನು ಓದಿದ ಒಂದೊಂದು ಅಂಕಿಯೂ ನಿಜವಾಗಿತ್ತು. ಎಲ್ಲರನ್ನೂ ಅನುಮಾನಿಸಿದೆ ಮಾವಾ, ನನ್ನ ಎರಡು ಕೈಗಳನ್ನು ಬಿಟ್ಟು.

ಪ್ರಬಂಧದಲ್ಲಿ ಹಾಗೇ ಬರೆದಿದ್ದೇನೆ. ಮೊದಲ ಫಲಿತಾಂಶ ತಪ್ಪು, ಮುಚ್ಚಳ ನಾನು ಬಿಗಿದದ್ದು, ಅಂಕಿಗಳಲ್ಲಿ ದೋಷವಿರಲಿಲ್ಲ ಎಂದು. ಪ್ರೊಫೆಸರ್, "ಇಷ್ಟೆಲ್ಲ ಯಾಕಮ್ಮ?" ಎಂದರು. ನನಗೆ ಬೇಕು ಎಂದೆ. ಒಂದು ವರ್ಷದ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕು, ಮಾಡುತ್ತೇನೆ.

ಶ್ರೀಕೃಷ್ಣ ಅಲ್ಲೇ ಉಳಿದಿದ್ದಾನೆ, ಎರಡು ವರ್ಷಕ್ಕೆ ಅಲ್ಲಿಯವರು ಇಟ್ಟುಕೊಂಡರಂತೆ. ಪ್ರಬಂಧದ ಆ ಪುಟದ ಪ್ರತಿಯನ್ನು ಜುಲೈನಲ್ಲಿ ಅವನಿಗೆ ಕಳಿಸಿದೆ, ಜೊತೆಗೆ ಒಂದು ಕಾಗದ. ಹೇಳಬೇಕಾದ್ದನ್ನೆಲ್ಲ ಅದರಲ್ಲಿ ಹೇಳಿದ್ದೇನೆ. ಉತ್ತರ ಬಂದಿಲ್ಲ. ಆಗಸ್ಟಿನಲ್ಲಿ ಇನ್ನೊಂದು ಬರೆದೆ. ಅದಕ್ಕೂ ಇಲ್ಲ.

ದಾರಿಯಲ್ಲಿ ಎಲ್ಲೋ ಕಳೆದಿರಬೇಕು, ಟಪಾಲಿನವರ ಮೇಲೇ ಅನುಮಾನ ಪಡೋಣ ಎಂದು ಆಸೆಯಾಗುತ್ತದೆ. ಆದರೆ ಪ್ರೊಫೆಸರಿಗೆ ಅವನ ಕಾಗದ ಪ್ರತಿ ವಾರ ಬರುತ್ತಿದೆ, ಮಾವಾ.

ನಿಮ್ಮ
ಶರಾವತಿ